ಒಂದು ಚುಕ್ಕೆಯ ಚರಿತ್ರೆ

ಎಂ.ಎ. ಪದವಿಗೆಂದು ನಾನು ಬರೆದ ಕಿರುಪ್ರಬಂಧದ ಮೂರನೆಯ ಅಧ್ಯಾಯಕ್ಕೆ ‘ಕಾವ್ಯಾರ್ಥ ವಿಚಾರ’ ಎಂದು ಹೆಸರಿಟ್ಟಿದ್ದೆ. ೨೦೦೨ನೆಯ ಇಸವಿಯಲ್ಲಿ ಅದು ಅಚ್ಚಾಗಿ, ರಟ್ಟು ಕಟ್ಟಿಸಿಕೊಂಡು, ಗುರುಗಳ ಮೇಜಿನ ಮೇಲೆ ಕುಳಿತಾಗ ‘ಕಾವ್ಯಾರ್ಧ ವಿಚಾರ’ ಎಂದಾಗಿತ್ತು. ಗುರುಗಳು ಕನ್ನಡಕವನ್ನು ಹಣೆಗೇರಿಸಿ, “ಏನಪ್ಪಾ, ಅರ್ಧ ಕಾವ್ಯದ ವಿಚಾರ ಇಲ್ಲಿದೆ, ಇನ್ನರ್ಧವನ್ನು ಎಲ್ಲಿ ಬಿಟ್ಟು ಬಂದೆ?” ಎಂದು ಕೇಳಿದರು. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

‘ಥ’ಕ್ಕೂ ‘ಧ’ಕ್ಕೂ ನಡುವೆ ಇರುವ ಭೇದ ಹೊಟ್ಟೆಯೊಳಗಿನ ಒಂದು ಚುಕ್ಕೆ. ‘ಧ’ಕ್ಕೂ ‘ದ’ಕ್ಕೂ ಇರುವ ಭೇದ ಕಾಲಿನಲ್ಲಿರುವ ಒಂದು ಸೀಳು. ಇಷ್ಟು ಸಣ್ಣ ಗುರುತುಗಳನ್ನು ನಂಬಿಕೊಂಡು ನಮ್ಮ ಭಾಷೆ ಅರ್ಥವನ್ನೂ ಅರ್ಧವನ್ನೂ ಬೇರೆ ಬೇರೆಯಾಗಿ ಇಟ್ಟಿದೆ. ಬೆರಳಚ್ಚಿನ ಅಂಗಡಿಯ ಹುಡುಗನಲ್ಲಿಗೆ ಹೋಗಿ ಸಿಡಿಮಿಡಿಗೊಂಡೆ. “ಪರದೆಯ ಮೇಲೆ ತೋರಿಸಿದ್ದೆನಲ್ಲ, ನೀವೇ ನೋಡಿ ಸರಿಯಿದೆ ಅಂದಿರಲ್ಲಾ” ಎಂದು ಅವನು ಶಾಂತವಾಗಿ ಹೇಳಿದ. ನಿಜ. ಕರಡು ಪ್ರತಿಗೆ ಪುಟಕ್ಕಿಷ್ಟು ಎಂದು ದುಡ್ಡು ತೆರುವ ಶಕ್ತಿಯಿಲ್ಲದೆ ನಾನು ಪರದೆಯ ಮೇಲೆಯೇ ಎರಡು ಸಲ ತಿದ್ದಿದ್ದೆ. ನಾನು ಅವನ ಬೆರಳನ್ನು ದೂರಿದೆ, ಅವನು ನನ್ನ ಕಣ್ಣನ್ನು ದೂರಿದ. ನಮ್ಮಿಬ್ಬರ ನಡುವೆ ಕುಳಿತಿದ್ದ ಗಾಜಿನ ಪೆಟ್ಟಿಗೆಯನ್ನು ಮಾತ್ರ ಯಾರೂ ದೂರಲಿಲ್ಲ. ಅದು ಹದಿನಾಲ್ಕು ಇಂಚಿನದು, ಎರಡನೆಯ ಕೈಯಿಂದ ಕೊಂಡದ್ದು, ಎಲ್ಲಕ್ಕಿಂತ ಅಗ್ಗವಾದದ್ದು.

ಅಂಥ ಪೆಟ್ಟಿಗೆಗಳು ಈಗ ಅಂಗಡಿಗಳಲ್ಲಿಲ್ಲ. ಗೋಡೆಗೆ ಒರಗುವ ತೆಳುವಾದ ಹಲಗೆಗಳು ಅವುಗಳ ಸ್ಥಾನಕ್ಕೆ ಬಂದಿವೆ. ಆದರೆ ಸುಮಾರು ಇಪ್ಪತ್ತು ವರ್ಷಗಳ ಕಾಲ ಜಗತ್ತಿನ ಕೋಟ್ಯಂತರ ಜನ ಓದಿದ್ದು, ಬರೆದದ್ದು, ಲೆಕ್ಕ ಹಾಕಿದ್ದು ಆ ಗಾಜಿನ ಮೇಲೆ. ಅವರಲ್ಲಿ ಬಹುಪಾಲಿನವರು ಕೊಂಡದ್ದು ಅಗ್ಗದ ಗಾಜನ್ನು. ಅಗ್ಗದಲ್ಲಿಯೂ ಯಾವುದು ಮೇಲು, ಯಾವುದು ಕೀಳು ಎಂದು ಅವರು ಹೇಗೆ ತೂಗಿ ನೋಡಿದರು, ಆ ತಕ್ಕಡಿ ಎಷ್ಟು ನೆಟ್ಟಗಿತ್ತು ಎಂಬುದು ವಿಚಾರ ಮಾಡತಕ್ಕ ಸಂಗತಿಯೆಂದು ನನಗೆ ತೋರಿದೆ.

ಮೂಲಕ್ಕೆ ಹೋಗೋಣ. ೧೮೯೭ರಲ್ಲಿ ಸ್ಟ್ರಾಸ್‌ಬರ್ಗಿನ ಪ್ರಾಧ್ಯಾಪಕ ಕಾರ್ಲ್ ಫರ್ಡಿನಾಂಡ್ ಬ್ರೌನ್ ಗಾಳಿ ತೆಗೆದ ಒಂದು ಗಾಜಿನ ಕೊಳವೆಯನ್ನು ಮಾಡಿದ. ಅದರ ಹಿಂತುದಿಯ ಋಣಧ್ರುವದಿಂದ ಹೊರಟ ಕಿರಣ ಮುಂದಿನ ಪರದೆಗೆ ತಾಕಿದಾಗ ಅಲ್ಲಿ ಬಳಿದಿದ್ದ ಪುಡಿ ಹೊಳೆಯುತ್ತಿತ್ತು. ಅಯಸ್ಕಾಂತವನ್ನು ಹತ್ತಿರ ತಂದರೆ ಹೊಳೆಯುವ ಬಿಂದು ಸರಿದಾಡುತ್ತಿತ್ತು. ವಿದ್ಯುತ್ತಿನ ಏರಿಳಿತವನ್ನು ಕಣ್ಣಿಗೆ ಕಾಣಿಸುವುದಷ್ಟೇ ಅವನ ಉದ್ದೇಶ. ಅದೇ ವರ್ಷ ಇಂಗ್ಲೆಂಡಿನಲ್ಲಿ ಜೆ.ಜೆ. ಥಾಮ್ಸನ್ ಆ ಕಿರಣವೆಂಬುದು ಎಲೆಕ್ಟ್ರಾನುಗಳ ಪ್ರವಾಹವೆಂದು ತೋರಿಸಿಕೊಟ್ಟ. ಬ್ರೌನನಿಗೆ ಮುಂದೆ ೧೯೦೯ರಲ್ಲಿ ಮಾರ್ಕೋನಿಯೊಡನೆ ನೊಬೆಲ್ ಪಾರಿತೋಷಕ ಬಂದಿತು. ಅದು ಬಂದದ್ದು ನಿಸ್ತಂತು ವಾರ್ತೆಯ ಕೆಲಸಕ್ಕೆ, ಈ ಕೊಳವೆಗಲ್ಲ.

ಕನ್ನಡ ಮೇಷ್ಟ್ರಾದ ನನಗೆ ಇದರ ಮುಂದಿನ ಘಟನೆಯೊಂದು ಬಹಳ ಪ್ರಿಯವಾದದ್ದು. ೧೯೨೬ರ ಡಿಸೆಂಬರಿನಲ್ಲಿ ಜಪಾನಿನ ಹಮಮತ್ಸು ಎಂಬಲ್ಲಿ ಕೆಂಜಿರೊ ತಕಯನಗಿ ಎಂಬ ಉಪಾಧ್ಯಾಯರು ದೂರದರ್ಶನದ ಪ್ರಯೋಗವೊಂದರಲ್ಲಿ ಬ್ರೌನನ ಕೊಳವೆಯ ಮೇಲೆ ಚಿತ್ರವೊಂದನ್ನು ಮೂಡಿಸಿದರು. ಚಿತ್ರವೆಂದರೆ ಮುಖವಲ್ಲ, ಮರವಲ್ಲ, ಅದೊಂದು ಅಕ್ಷರ. ಜಪಾನೀ ಲಿಪಿಯ ‘ಇ’ ಎಂಬ ಅಕ್ಷರ, ಎರಡೇ ಎರಡು ಗೆರೆಗಳದು. ಎರಡು ಗೆರೆಯ ಅಕ್ಷರವನ್ನು ಆರಿಸಿಕೊಂಡ ಅವರ ವಿವೇಕವನ್ನು ಮೆಚ್ಚಬೇಕು. ಆ ಗಾಜಿನ ಮೇಲೆ ‘ಥ’ವನ್ನೋ, ‘ಷ್ಟ್ರ’ವನ್ನೋ ಬರೆಯಬೇಕಾಗಿದ್ದರೆ ಅವರು ಏನು ಮಾಡುತ್ತಿದ್ದರೋ!

ಆಮೇಲಿನ ಕಾಲು ಶತಮಾನದಲ್ಲಿ ಈ ಕೊಳವೆ ಯುದ್ಧದ ರೇಡಾರಿನಲ್ಲಿ ಶತ್ರುವಿಮಾನವನ್ನು ತೋರಿಸಿತು, ಮನೆಯ ದೂರದರ್ಶನದಲ್ಲಿ ನಾಟಕವನ್ನು ತೋರಿಸಿತು. ಗಣಕಯಂತ್ರದೊಳಕ್ಕೆ ಅದು ಬಂದದ್ದು ಒಂದು ವಿಚಿತ್ರವಾದ ಹಾದಿಯಿಂದ. ೧೯೪೮ರ ಜೂನ್ ೨೧ರಂದು ಮ್ಯಾಂಚೆಸ್ಟರಿನಲ್ಲಿ ಮೊದಲ ಬಾರಿಗೆ ಓಡಿದ ಪುಟ್ಟ ಗಣಕದಲ್ಲಿ ಈ ಕೊಳವೆಯೇ ಸ್ಮೃತಿಯ ಕೆಲಸ ಮಾಡುತ್ತಿತ್ತು. ಗಾಜಿನ ಮೇಲಿನ ವಿದ್ಯುತ್ತಿನ ಚುಕ್ಕೆಗಳೇ ಯಂತ್ರದ ನೆನಪು. ಮನುಷ್ಯನಿಗೆ ತೋರಿಸುವ ಪರದೆಯಾಗುವುದಕ್ಕೆ ಮೊದಲು ಅದು ಯಂತ್ರದ ತಲೆಯೊಳಗೇ ಇತ್ತು ಎಂದ ಹಾಗಾಯಿತು.

ಬಣ್ಣದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನನ್ನ ಚುಕ್ಕೆ ಕಳೆದುಹೋದುದು ಅಲ್ಲಿಯೇ. ಕಪ್ಪು-ಬಿಳುಪಿನ ಕೊಳವೆಯಲ್ಲಿ ಪರದೆಯ ಒಳಮೈಗೆ ಒಂದೇ ಬಗೆಯ ಪುಡಿಯನ್ನು ಎಡೆಬಿಡದೆ ಬಳಿದಿರುತ್ತಾರೆ. ಕಿರಣವನ್ನು ಎಷ್ಟು ಚೂಪು ಮಾಡಬಲ್ಲಿರೋ ಅಷ್ಟು ಸಣ್ಣ ಚುಕ್ಕೆ ಮೂಡುತ್ತದೆ. ಬಣ್ಣಕ್ಕಾದರೋ ಕೆಂಪು, ಹಸಿರು, ನೀಲಿ ಎಂದು ಮೂರು ಪುಡಿ ಬೇಕು, ಮೂರು ಕಿರಣ ಬೇಕು, ಕೆಂಪಿನ ಕಿರಣ ಕೆಂಪಿನ ಮೇಲೆಯೇ ಬೀಳುವಂತೆ ಕಾಯುವವನೊಬ್ಬ ಬೇಕು. ಜರ್ಮನಿಯ ವರ್ನರ್ ಫ್ಲೆಕ್ಸಿಗ್ ೧೯೩೮ರಲ್ಲಿಯೇ ಇದಕ್ಕೊಂದು ಉಪಾಯ ಸೂಚಿಸಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ್ದ. ಅಮೆರಿಕದ ಆರ್.ಸಿ.ಎ. ಸಂಸ್ಥೆ ೧೯೫೦ರಲ್ಲಿ ಅಂಥದೊಂದನ್ನು ಮಾಡಿ ತೋರಿಸಿತು. ಪರದೆಯ ಹಿಂದೆಯೇ ಲಕ್ಷಾಂತರ ತೂತುಗಳಿರುವ ತೆಳುವಾದ ತಗಡು. ಒಂದೊಂದು ತೂತಿಗೂ ಎದುರಾಗಿ ಪರದೆಯ ಮೇಲೆ ಮೂರು ಬಣ್ಣದ ಮೂರು ಚುಕ್ಕೆ. ಮೂರು ಕಿರಣಗಳು ಮೂರು ಕೋನದಿಂದ ಬಂದು ಒಂದೇ ತೂತಿನಲ್ಲಿ ನುಸುಳಿ ತಂತಮ್ಮ ಚುಕ್ಕೆಯನ್ನು ಸೇರುತ್ತವೆ. ಮಿಕ್ಕದ್ದಕ್ಕೆ ತಗಡಿನ ನೆರಳು ಅಡ್ಡ. ಆದುದರಿಂದಲೇ ಅದಕ್ಕೆ ಶ್ಯಾಡೋ ಮಾಸ್ಕ್ ಎಂದು ಹೆಸರು. ನಮ್ಮ ಅಡಿಗೆಮನೆಯ ಮಾತಿನಲ್ಲಿ ಜರಡಿ. ಈ ಜರಡಿಗೆ ಬಡಿದು ಎಲೆಕ್ಟ್ರಾನುಗಳಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ವ್ಯರ್ಥವಾಗಿ ಹೋಗುತ್ತಿದ್ದವು. ೧೯೫೪ರಲ್ಲಿ ಆರ್.ಸಿ.ಎ. ಮಾರಾಟಕ್ಕಿಟ್ಟ ಮೊದಲ ಬಣ್ಣದ ಪೆಟ್ಟಿಗೆಯ ಬೆಲೆ ಒಂದು ಸಾವಿರ ಡಾಲರು.

ಜಪಾನಿನ ಸೋನಿ ಸಂಸ್ಥೆಗೆ ಈ ಜರಡಿ ಒಗ್ಗಲಿಲ್ಲ. ಹಲವು ವರ್ಷ ಬೇರೊಂದು ಬಗೆಯ ಕೊಳವೆಯ ಬೆನ್ನು ಹತ್ತಿ, ಕೈ ಸುಟ್ಟುಕೊಂಡು, ಕೊನೆಗೆ ೧೯೬೮ರಲ್ಲಿ ಅವರು ಟ್ರಿನಿಟ್ರಾನನ್ನು ಹೊರತಂದರು. ಅದರಲ್ಲಿ ದುಂಡು ತೂತುಗಳ ಬದಲು ಮೇಲಿನಿಂದ ಕೆಳಗಿನವರೆಗೆ ನೆಟ್ಟಗೆ ಬಿಗಿದ ಸಣ್ಣ ಪಟ್ಟಿಗಳು, ವೀಣೆಯ ತಂತಿಗಳನ್ನು ನಿಲ್ಲಿಸಿದ ಹಾಗೆ. ಅವುಗಳ ಸಂದಿಯಲ್ಲಿ ಹೆಚ್ಚು ಬೆಳಕು ಹಾಯುತ್ತಿತ್ತು, ಚಿತ್ರ ಉಜ್ವಲವಾಗಿತ್ತು. ಆದರೆ ಬಿಗಿದ ತಂತಿ ಅದುರುತ್ತದೆ. ಅದು ಅದುರದಂತೆ ಅಡ್ಡಲಾಗಿ ಒಂದೆರಡು ಸೂಕ್ಷ್ಮವಾದ ತಂತಿಗಳನ್ನು ಎಳೆಯಬೇಕಾಯಿತು. ಬಿಳಿಯ ಪುಟವನ್ನು ತೆರೆದಾಗ ಆ ತಂತಿಯ ನೆರಳು ಕೂದಲೆಳೆಯಂಥ ಗೆರೆಯಾಗಿ ಕಾಣುತ್ತಿತ್ತು. ಹೆಚ್ಚು ಹಣ ಕೊಟ್ಟು ಕೊಂಡವರು ಇದು ದೋಷವೆಂದು ಅಂಗಡಿಗೆ ಹಿಂದಿರುಗಿಸಲು ಹೋಗುತ್ತಿದ್ದರು. ಎಲ್ಲಕ್ಕೂ ಹೀಗೆಯೇ ಎಂದು ಅಂಗಡಿಯವನು ಸಮಾಧಾನ ಹೇಳಬೇಕಾಗುತ್ತಿತ್ತು.

ಇಷ್ಟೂ ದೂರದರ್ಶನಕ್ಕೆಂದು ಹುಟ್ಟಿದ ವಿದ್ಯೆ. ದೂರದರ್ಶನವನ್ನು ಎಂಟು ಹತ್ತು ಅಡಿ ದೂರದಿಂದ ನೋಡುತ್ತೇವೆ. ನಟಿಯ ಮೂಗಿನ ತುದಿ ಕೂದಲೆಳೆಯಷ್ಟು ಮಸುಕಾದರೆ ಯಾರಿಗೂ ನಷ್ಟವಿಲ್ಲ. ಗಣಕದ ಪರದೆಯನ್ನು ಒಂದೂವರೆ ಅಡಿ ದೂರದಲ್ಲಿ ಕುಳಿತು ಓದಬೇಕು. ಅಕ್ಷರದ ತುದಿ ಮಸುಕಾದರೆ ಅಕ್ಷರವೇ ಬೇರೆಯಾದೀತು. ಈ ವ್ಯತ್ಯಾಸದಿಂದಲೇ ಅಗ್ಗದ ಮಾನಿಟರಿನ ಎಲ್ಲ ಸಂಕಟಗಳೂ ಹುಟ್ಟಿದವು.

ವಿಚಿತ್ರವೆಂದರೆ ಓದುವವರಿಗೆ ಮೊದಲಿಗೆ ಸಿಕ್ಕಿದ್ದು ಒಳ್ಳೆಯ ಗಾಜೇ. ೧೯೮೧ರಲ್ಲಿ ಐ.ಬಿ.ಎಂ. ಸಂಸ್ಥೆ ತನ್ನ ಚಿಕ್ಕ ಗಣಕದ ಜೊತೆಗೆ ಮಾರಿದ ಹಸಿರು ಅಕ್ಷರದ ಮಾನಿಟರಿಗೆ ಜರಡಿಯೇ ಇರಲಿಲ್ಲ. ಒಂದೊಂದು ಅಕ್ಷರಕ್ಕೂ ಅಡ್ಡಕ್ಕೆ ಒಂಬತ್ತು, ಉದ್ದಕ್ಕೆ ಹದಿನಾಲ್ಕು ಚುಕ್ಕೆಗಳ ಮನೆ. ಸೆಕೆಂಡಿಗೆ ಐವತ್ತೇ ಸಲ ಪರದೆಯನ್ನು ಬರೆಯುತ್ತಿದ್ದರೂ ಆ ಹಸಿರು ಪುಡಿ ಬೇಗ ಆರದೆ ಹೊಳೆಯುತ್ತಲೇ ಇದ್ದುದರಿಂದ ಕಣ್ಣಿಗೆ ನಡುಕ ಕಾಣುತ್ತಿರಲಿಲ್ಲ. ಅದೇ ಕಾಲದ ಬಣ್ಣದ ಏರ್ಪಾಟಿನಲ್ಲಿ ಅಕ್ಷರಕ್ಕೆ ಎಂಟಕ್ಕೆಂಟು ಚುಕ್ಕೆಗಳ ಮನೆ ಮಾತ್ರ. ಇಂಗ್ಲಿಷಿನ ಅಕ್ಷರ ಮೈ ಮುದುರಿಕೊಂಡು ಅದರಲ್ಲಿ ಹೇಗೋ ಕೂರುತ್ತಿತ್ತು. ಕನ್ನಡಕ್ಕೆ ಅಲ್ಲಿ ಎಡೆಯೆಲ್ಲಿ? ‘ರಾಷ್ಟ್ರ’ ಎನ್ನುವಲ್ಲಿ ಒತ್ತಿನ ಮೇಲೆ ಒತ್ತು. ‘ಲಕ್ಷ್ಮೀ’ಯಲ್ಲಿ ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಮತ್ತೆರಡು. ನಮ್ಮ ಲಿಪಿ ಒಂದಂತಸ್ತಿನ ಮನೆಯಲ್ಲ, ಎರಡು ಮೂರು ಅಂತಸ್ತಿನದು. ಕಾನ್ಪುರದ ಐ.ಐ.ಟಿ.ಯಲ್ಲಿ ಮೊಳೆತು ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಕಾರ್ಡೆಂಬುದನ್ನು ಗಣಕದೊಳಗೆ ಸಿಕ್ಕಿಸಿಕೊಂಡ ಮೇಲೆ ಭಾರತೀಯ ಲಿಪಿಗಳಿಗೆ ಪರದೆಯ ಮೇಲೆ ಹೆಚ್ಚು ಜಾಗ ದೊರಕಿತು. ಕಾರ್ಡು ಜಾಗವನ್ನೇನೋ ಕೊಟ್ಟೀತು. ಆ ಜಾಗವನ್ನು ಗಾಜು ತೋರಿಸಬೇಕಲ್ಲ!

೧೯೮೭ರಲ್ಲಿ ಐ.ಬಿ.ಎಂ. ವಿ.ಜಿ.ಎ. ಎಂಬ ಹೊಸ ಪದ್ಧತಿಯನ್ನು ತಂದಿತು. ಅಡ್ಡಕ್ಕೆ ೬೪೦, ಉದ್ದಕ್ಕೆ ೪೮೦ ಚುಕ್ಕೆ. ಅದರ ಜೊತೆಗೆ ಬಂದ ಎರಡು ಬಣ್ಣದ ಮಾನಿಟರುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮುಂದಿನ ಹದಿನೈದು ವರ್ಷದ ಕಥೆಯೆಲ್ಲ ಅಲ್ಲಿಯೇ ಕಾಣುತ್ತದೆ. ೮೫೧೨ ಎಂಬುದು ಹದಿನಾಲ್ಕು ಇಂಚಿನದು; ೮೫೧೩ ಹನ್ನೆರಡು ಇಂಚಿನದು. ಚಿಕ್ಕದಕ್ಕೆ ಬೆಲೆ ಹೆಚ್ಚು! ದೊಡ್ಡದರಲ್ಲಿ ಒಂದು ಬಣ್ಣದ ಗುರುತಿಗೂ ಅದೇ ಬಣ್ಣದ ಮುಂದಿನ ಗುರುತಿಗೂ ನಡುವಣ ದೂರ ೦.೪೧ ಮಿಲಿಮೀಟರು, ಚಿಕ್ಕದರಲ್ಲಿ ೦.೨೮. ದೊಡ್ಡ ಗಾಜಿನಲ್ಲಿ ದೊಡ್ಡ ಮಸುಕು, ಚಿಕ್ಕ ಗಾಜಿನಲ್ಲಿ ಸ್ಫುಟವಾದ ಅಕ್ಷರ. ಕೊಳ್ಳುವವನ ಕಣ್ಣು ಯಾವುದರ ಕಡೆಗೆ ಹೋಗುತ್ತದೆ? ಸಂತೆಯಲ್ಲಿ ಕುಂಬಳಕಾಯಿಯನ್ನು ಆರಿಸುವವನ ಕಣ್ಣು ಎಲ್ಲಿ ಹೋಗುತ್ತದೆಯೋ ಅಲ್ಲಿಗೇ.

ಈ ನಡುವಣ ದೂರಕ್ಕೆ ಡಾಟ್ ಪಿಚ್ ಎಂದು ಹೆಸರು. ತೊಂಬತ್ತರ ದಶಕದಲ್ಲಿ ಮಾನಿಟರು ಕೊಳ್ಳುವವರಿಗೆಲ್ಲ ಅದು ಮಂತ್ರವಾಗಿ ಹೋಯಿತು. “ಪಾಯಿಂಟ್ ಎರಡೆಂಟು ಇದೆಯೇ?” ಎಂದು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೇಳದವರಿರಲಿಲ್ಲ. ಕೇಳಿದವರಲ್ಲಿ ಅದರ ಅರ್ಥ ತಿಳಿದವರು ಕಡಮೆ, ನಾನಂತೂ ತಿಳಿದವನಲ್ಲ. ಈಗ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಮಾಡುತ್ತೇನೆ. ಹದಿನಾಲ್ಕು ಇಂಚಿನ ಗಾಜಿನಲ್ಲಿ ಚಿತ್ರ ಮೂಡುವ ಅಗಲ ಸುಮಾರು ೨೬೫ ಮಿಲಿಮೀಟರು. ಅಂದಿನ ಅತ್ಯಂತ ಅಗ್ಗದ ಬಗೆಯಲ್ಲಿ ಡಾಟ್ ಪಿಚ್ ೦.೩೯. ಚುಕ್ಕೆಗಳನ್ನು ಜೇನುಗೂಡಿನ ಹಾಗೆ ಓರೆಯಾಗಿ ಜೋಡಿಸಿರುವುದರಿಂದ ಅಡ್ಡಕ್ಕೆ ಅಳೆದರೆ ಅದು ಸುಮಾರು ೦.೩೪ ಆಗುತ್ತದೆ. ಭಾಗಿಸಿದರೆ ಎಡದಿಂದ ಬಲಕ್ಕೆ ಸುಮಾರು ೭೮೦ ಗುಂಪುಗಳು. ೬೪೦ ಚುಕ್ಕೆಗಳನ್ನು ತೋರಿಸಲು ಇಷ್ಟು ಧಾರಾಳವಾಗಿ ಸಾಕು. ೮೦೦ಕ್ಕೆ ಎಳೆದಾಡಿದರೂ ಸಾಲದು. ನಮ್ಮ ಬೆರಳಚ್ಚಿನ ಹುಡುಗನಾದರೋ ಪುಟದ ಹೆಚ್ಚು ಭಾಗ ಒಮ್ಮೆಗೇ ಕಾಣಲಿ ಎಂದು ಅದನ್ನು ೧೦೨೪ಕ್ಕೆ ಏರಿಸಿದ್ದ. ೭೮೦ ಎಲೆ ಹಾಕಿದ ಪಂಕ್ತಿಯಲ್ಲಿ ೧೦೨೪ ಜನ ಊಟಕ್ಕೆ ಕುಳಿತ ಹಾಗಾಯಿತು. ಯಾರೋ ಒಬ್ಬರು ಎದ್ದುಹೋಗಲೇಬೇಕು. ಎದ್ದುಹೋದುದು ನನ್ನ ‘ಥ’ದ ಹೊಟ್ಟೆಯ ಚುಕ್ಕೆ. ಕಪ್ಪು ಬೀಳಬೇಕಾದ ಕಡೆ ಕೆಂಪೋ ನೀಲಿಯೋ ಎನ್ನುವ ಒಂದು ಮಬ್ಬು ಉಳಿದಿತ್ತು. ಚುಕ್ಕೆಯಿದ್ದ ಅಕ್ಷರವೂ ಇಲ್ಲದ ಅಕ್ಷರವೂ ಆ ಪರದೆಯ ಮೇಲೆ ಒಂದೇ ಮುಖದವು.

ಅದೇ ಲೆಕ್ಕವನ್ನು ೦.೨೮ರ ಹದಿನೈದು ಇಂಚಿನ ಗಾಜಿಗೆ ಹಾಕಿದರೆ ಅಡ್ಡಕ್ಕೆ ಸುಮಾರು ೧,೧೫೦ ಗುಂಪು. ೧೦೨೪ ಚುಕ್ಕೆಗಳಿಗೆ ಮೈಗೆ ಮೈ ತಾಗಿಸಿಕೊಂಡು ಜಾಗವಾದೀತು. ಹದಿನೇಳು ಇಂಚಿನಲ್ಲಿ ೧,೩೦೦ಕ್ಕೂ ಹೆಚ್ಚು, ನೆಮ್ಮದಿಯಾಗಿ ಕೂರಬಹುದು. ಹಾಗಾದರೆ ಅಂಗಡಿಗೆ ಹೋಗಿ ಸಂಖ್ಯೆಯನ್ನು ಓದಿ ಕೊಂಡರಾಯಿತು ಎನ್ನುವಿರಾ? ತಕ್ಕಡಿಯ ಕಲ್ಲೇ ಬೇರೆ ಬೇರೆಯಾಗಿದ್ದುವು. ಕೆಲವರು ಓರೆಯಾಗಿ ಅಳೆದು ೦.೨೮ ಎಂದು ಬರೆದರು. ಕೆಲವರು ಅದೇ ಜರಡಿಯನ್ನು ಅಡ್ಡಕ್ಕೆ ಅಳೆದು ೦.೨೪ ಎಂದು ದೊಡ್ಡಕ್ಷರದಲ್ಲಿ ಹಾಕಿ, ‘ಅಡ್ಡಳತೆ’ ಎಂಬುದನ್ನು ಸಣ್ಣಕ್ಷರದಲ್ಲಿ ಹಾಕಿದರು. ಟ್ರಿನಿಟ್ರಾನಿನಲ್ಲಿ ಪಟ್ಟಿಗಳಿರುವುದರಿಂದ ಅಡ್ಡಳತೆಯೊಂದೇ ಗತಿ, ಅದರ ೦.೨೫ ಎಂಬುದು ಜರಡಿಯವರ ೦.೨೮ಕ್ಕೆ ಹೆಚ್ಚು ಕಡಮೆ ಸಮವೇ ಹೊರತು ಮೇಲಲ್ಲ. ಮಿಟ್ಸುಬಿಷಿಯವರ ಡೈಮಂಡ್‌ಟ್ರಾನಿನಲ್ಲಿಯೂ ಇದೇ ಪಟ್ಟಿಯ ವಿಧಾನ. ಎನ್.ಇ.ಸಿ.ಯವರ ಕ್ರೋಮಾಕ್ಲಿಯರ್ ಎರಡರ ನಡುವೆ, ಉದ್ದನೆಯ ಸೀಳುತೂತುಗಳ ಜರಡಿ. ಮೂರು ಬಗೆಯನ್ನು ಮೂರು ಅಳತೆಗೋಲಿನಿಂದ ಅಳೆದ ಸಂಖ್ಯೆಗಳನ್ನು ಪತ್ರಿಕೆಗಳು ಒಂದೇ ಕೋಷ್ಟಕದಲ್ಲಿ ಮುದ್ರಿಸುತ್ತಿದ್ದುವು. ಛಂದಸ್ಸಿನಲ್ಲಿ ಮಾತ್ರೆಯನ್ನೂ ಅಕ್ಷರವನ್ನೂ ಒಂದೇ ಎಂದು ಎಣಿಸಿದ ವಿದ್ಯಾರ್ಥಿಗೆ ನಾವು ಸೊನ್ನೆ ಕೊಡುತ್ತೇವೆ.

ಇನ್ನು ಇಂಚಿನ ಮಾತು. ಹದಿನಾಲ್ಕು, ಹದಿನೈದು, ಹದಿನೇಳು ಎನ್ನುವುದು ಕೊಳವೆಯ ಒಟ್ಟು ಅಳತೆ. ಗಾಜಿನ ಅಂಚು ಪ್ಲಾಸ್ಟಿಕ್ಕಿನ ಚೌಕಟ್ಟಿನೊಳಗೆ ಹುದುಗಿರುವುದರಿಂದ ಕಣ್ಣಿಗೆ ಕಾಣುವುದು ಹದಿನೈದರಲ್ಲಿ ಸುಮಾರು ೧೩.೮, ಹದಿನೇಳರಲ್ಲಿ ೧೬ಕ್ಕೆ ಒಂದೆಳೆ ಕಡಮೆ. ಸೇರಿಗೆ ಪಾವು ಕಡಮೆ ಅಳೆಯುವ ಅಂಗಡಿಯವನನ್ನು ನಾವು ಬಿಡುತ್ತೇವೆಯೇ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ೧೯೯೫ರಲ್ಲಿ ಸರಕಾರೀ ವಕೀಲರು ಈ ಬಗ್ಗೆ ಗಣಕ ಕಂಪನಿಗಳ ಮೇಲೆ ದಾವೆ ಹೂಡಿದರು. ಅದಾದ ಮೇಲೆ ಜಾಹೀರಾತುಗಳಲ್ಲಿ ‘ಕಾಣುವ ಅಳತೆ ಇಷ್ಟು’ ಎಂದು ಬೇರೆಯಾಗಿ ಬರೆಯುವ ಪದ್ಧತಿ ಬಂದಿತು. ಇಂಚು ಮಾತ್ರ ಬದಲಾಗಲಿಲ್ಲ. ಹದಿನೈದು ಹದಿನೈದಾಗಿಯೇ ಉಳಿಯಿತು.

ನಡುಕದ ವಿಷಯವನ್ನು ಹೇಳದೆ ಬಿಟ್ಟರೆ ಕಣ್ಣುನೋವು ಅನುಭವಿಸಿದವರು ನನ್ನನ್ನು ಕ್ಷಮಿಸಲಾರರು. ಕಿರಣವು ನಮ್ಮಂತೆಯೇ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಬರೆಯುತ್ತದೆ; ಪುಟ ಮುಗಿದೊಡನೆ ಮತ್ತೆ ಮೊದಲಿನಿಂದ. ಬಣ್ಣದ ಪುಡಿ ಹಸಿರು ಪುಡಿಯಂತೆ ತಡೆದು ಹೊಳೆಯುವುದಲ್ಲ, ಬೇಗ ಆರುತ್ತದೆ. ಸೆಕೆಂಡಿಗೆ ಅರುವತ್ತು ಸಲ ಬರೆದರೆ ಬಿಳಿಯ ಪುಟ ನಡುಗುವುದು ಬಹಳ ಜನಕ್ಕೆ ಕಾಣುತ್ತದೆ. ಎಂಬತ್ತೈದು ಸಲ ಬರೆದರೆ ನಿಂತಂತೆ ತೋರುತ್ತದೆ. ೧೦೨೪ಕ್ಕೆ ೭೬೮ರ ಪುಟವನ್ನು ಸೆಕೆಂಡಿಗೆ ಎಂಬತ್ತೈದು ಸಲ ಬರೆಯಬೇಕಾದರೆ, ಕೆಳಗಿನಿಂದ ಮೇಲಕ್ಕೆ ಹಿಂದಿರುಗುವ ವೇಳೆಯೂ ಸೇರಿ, ಸುಮಾರು ೬೮,೭೦೦ ಸಾಲು ಬರೆಯಬೇಕು. ಎಪ್ಪತ್ತು ಸಾವಿರ ಸಾಲಿನ ಶಕ್ತಿಯ ಹದಿನೇಳು ಇಂಚಿನ ಮಾನಿಟರು ಇದನ್ನು ಮಾಡುತ್ತಿತ್ತು. ಐವತ್ತನಾಲ್ಕು ಸಾವಿರದ ಶಕ್ತಿಯ ಅಗ್ಗದ ಹದಿನೈದು ಇಂಚಿನದು ಅದೇ ಪುಟವನ್ನು ಅರುವತ್ತು ಸಲಕ್ಕಿಂತ ಹೆಚ್ಚು ನೆಮ್ಮದಿಯಾಗಿ ಬರೆಯಲಾರದು. ೮೦೦ಕ್ಕೆ ೬೦೦ರ ಪುಟವಾದರೆ ಎಂಬತ್ತೈದು ಸಲ ಬರೆಯಬಲ್ಲುದು. ಎಂದರೆ ಬಡವನ ಮುಂದೆ ಎರಡೇ ದಾರಿ: ಕಡಮೆ ಅಕ್ಷರ, ನಿಂತ ಪುಟ, ಇಲ್ಲವೆ ಹೆಚ್ಚು ಅಕ್ಷರ, ನಡುಗುವ ಪುಟ. ಇನ್ನೂ ಹಳೆಯ, ಇನ್ನೂ ಅಗ್ಗದ ಪೆಟ್ಟಿಗೆಗಳಲ್ಲಿ ಮತ್ತೊಂದು ಕುಯುಕ್ತಿಯಿತ್ತು. ಒಂದು ಸಲ ಬೆಸಸಾಲುಗಳು, ಮತ್ತೊಂದು ಸಲ ಸಮಸಾಲುಗಳು. ಇಡೀ ಪುಟ ಸೆಕೆಂಡಿಗೆ ನಲವತ್ತಮೂರೂವರೆ ಸಲ ಮಾತ್ರ. ಪೆಟ್ಟಿಗೆಯ ಮೇಲೆ ‘೧೦೨೪ X ೭೬೮’ ಎಂದು ಬರೆಯುವುದಕ್ಕೆ ಅಷ್ಟು ಸಾಕಾಗಿತ್ತು. ಓದುವುದಕ್ಕೆ ಸಾಕೇ ಎಂಬ ಪ್ರಶ್ನೆಯನ್ನು ಪೆಟ್ಟಿಗೆಯ ಮೇಲೆ ಯಾರೂ ಬರೆದಿರಲಿಲ್ಲ. ನನ್ನ ಪ್ರಬಂಧದ ಕರಡನ್ನು ನಾನು ತಿದ್ದಿದ್ದು ಅಂಥದರ ಮುಂದೆ, ಸಂಜೆ ಆರರಿಂದ ಹತ್ತರವರೆಗೆ. ತಲೆನೋವಿಗೆ ಕಾರಣ ಅಲಂಕಾರಶಾಸ್ತ್ರವೆಂದೇ ನಂಬಿದ್ದೆ.

ಸ್ವೀಡನ್ ದೇಶದವರು ಈ ಬಗ್ಗೆ ಬೇಗ ಎಚ್ಚತ್ತರು. ೧೯೯೦ರ ಎಂ.ಪಿ.ಆರ್.-೨ ಎಂಬ ನಿಯಮ, ಅಲ್ಲಿಯ ನೌಕರರ ಒಕ್ಕೂಟ ೧೯೯೨ರಲ್ಲಿ ಆರಂಭಿಸಿದ ಟಿ.ಸಿ.ಓ. ಮುದ್ರೆ, ಇವು ಪರದೆಯಿಂದ ಹೊಮ್ಮುವ ವಿದ್ಯುತ್ ಕ್ಷೇತ್ರಕ್ಕೂ ಕಾಂತಕ್ಷೇತ್ರಕ್ಕೂ ಮಿತಿ ಹಾಕಿದುವು. ಮುಂದಿನ ೧೯೯೯ರ ಟಿ.ಸಿ.ಓ. ನಿಯಮ ಎಂಬತ್ತೈದು ಸಲದ ಬರವಣಿಗೆಯನ್ನು ಕಡ್ಡಾಯ ಮಾಡಿತು. ಗುಮಾಸ್ತರ ಸಂಘವೊಂದು ಕಣ್ಣಿನ ಪರವಾಗಿ ಗಾಜಿನ ಕಂಪನಿಗಳನ್ನು ಮಣಿಸಿದ್ದು ಚರಿತ್ರೆಯಲ್ಲಿ ದಾಖಲಾಗಬೇಕಾದ ವಿಷಯ. ನಮ್ಮ ಕಚೇರಿಗಳಲ್ಲಿ ಅದರ ಬದಲು ಮಾನಿಟರಿನ ಮುಂದೆ ಕಪ್ಪು ಗಾಜಿನ ಒಂದು ಚೌಕಟ್ಟನ್ನು ನೇತುಹಾಕುತ್ತಿದ್ದರು. ಅದರಿಂದ ಕೊಠಡಿಯ ದೀಪದ ಪ್ರತಿಬಿಂಬ ಕಡಮೆಯಾಗುತ್ತಿತ್ತು. ನಡುಕ ಹಾಗೆಯೇ ಇರುತ್ತಿತ್ತು.

ಚಪ್ಪಟೆ ಮುಖದ ಗಾಜು ಬಂದಾಗಲೂ ಹೀಗೆಯೇ. ಹಳೆಯ ಗಾಜಿನ ಮುಖ ಉಬ್ಬಿಕೊಂಡಿರುತ್ತಿತ್ತು. ತೊಂಬತ್ತರ ದಶಕದ ಕೊನೆಗೆ ಎಲ್.ಜಿ.ಯವರ ಫ್ಲಾಟ್ರಾನ್, ಸ್ಯಾಮ್ಸಂಗಿನವರ ಡೈನಾಫ್ಲಾಟ್ ಮೊದಲಾದುವು ಬಂದುವು. ಫ್ಲಾಟ್ರಾನಿನಲ್ಲಿ ಜರಡಿಯನ್ನು ಬಿಗಿದೆಳೆದು ನಿಜವಾಗಿಯೂ ಸಮತಟ್ಟು ಮಾಡಿದ್ದರು. ಡೈನಾಫ್ಲಾಟಿನಲ್ಲಿ ಹೊರಮೈ ಚಪ್ಪಟೆ, ಒಳಮೈಗೆ ತುಸು ಬಾಗು. ಉಬ್ಬಿಗೆ ಒಗ್ಗಿಹೋಗಿದ್ದ ನಮ್ಮ ಕಣ್ಣಿಗೆ ಮೊದಲ ಕೆಲವು ದಿನ ಚಪ್ಪಟೆಯ ಪರದೆ ಒಳಕ್ಕೆ ತಗ್ಗಿದಂತೆ ಕಂಡಿತೆಂಬುದು ಬೇರೆ ಮಾತು.

ಅಗ್ಗದ ಮಾನಿಟರು ಕೊಳ್ಳುವವನ ಮುಂದೆ ಆ ದಿನಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದ ಹೆಸರುಗಳು ಮೂರು ನಾಲ್ಕು: ಸ್ಯಾಮ್ಸಂಗ್, ಅದರದೇ ಅಗ್ಗದ ಕವಲಾದ ಸ್ಯಾಮ್‌ಟ್ರಾನ್, ಎಲ್.ಜಿ., ಫಿಲಿಪ್ಸ್. ನೂರಿನ್ನೂರು ರೂಪಾಯಿಯ ವ್ಯತ್ಯಾಸಕ್ಕಾಗಿ ಜನ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಿದ್ದರು. ಇದರಲ್ಲಿ ನಿಜವಾದ ಪೈಪೋಟಿ ಎಷ್ಟಿತ್ತೆಂಬುದು ಬಹಳ ತಡವಾಗಿ ಹೊರಬಿದ್ದಿತು. ಈ ವಿಷಯವನ್ನು ಮೊದಲು ಓದಿದಾಗ ನಾನು ಎರಡನೆಯ ಸಲ ಓದಿದೆ. ೨೦೧೨ರ ಡಿಸೆಂಬರಿನಲ್ಲಿ ಯೂರೋಪಿಯನ್ ಕಮಿಷನ್ ಏಳು ಕಂಪನಿಗಳ ಮೇಲೆ ಒಟ್ಟು ಸುಮಾರು ೧೪೭ ಕೋಟಿ ಯೂರೋ ದಂಡ ವಿಧಿಸಿತು. ೧೯೯೬ರಿಂದ ೨೦೦೬ರವರೆಗೆ ಹತ್ತು ವರ್ಷಗಳ ಕಾಲ ಕೊಳವೆ ತಯಾರಕರು ಒಳಗೊಳಗೇ ಕೂಡಿಕೊಂಡು ಬೆಲೆಯನ್ನು ಗೊತ್ತುಮಾಡುತ್ತಿದ್ದರು, ಮಾರುಕಟ್ಟೆಯನ್ನೂ ಗಿರಾಕಿಗಳನ್ನೂ ಹಂಚಿಕೊಳ್ಳುತ್ತಿದ್ದರು, ತಯಾರಿಕೆಯನ್ನು ಬೇಕೆಂದೇ ಕುಗ್ಗಿಸುತ್ತಿದ್ದರು ಎಂದು ಕಮಿಷನ್ ಹೇಳಿತು. ಇಂಥ ಕೂಟಗಳು ಎರಡು. ಒಂದು ದೂರದರ್ಶನದ ಕೊಳವೆಯವರದು, ಇನ್ನೊಂದು ಗಣಕದ ಕೊಳವೆಯವರದು. ಎರಡನೆಯದರಲ್ಲಿ ಇದ್ದವರೆಂದು ಕಮಿಷನ್ ಹೆಸರಿಸಿದುದು ಸ್ಯಾಮ್ಸಂಗ್ ಎಸ್.ಡಿ.ಐ., ಎಲ್.ಜಿ. ಎಲೆಕ್ಟ್ರಾನಿಕ್ಸ್, ಫಿಲಿಪ್ಸ್ ಮತ್ತು ತೈವಾನಿನ ಚುಂಗ್ವಾ. ಗುಟ್ಟನ್ನು ತಾನಾಗಿ ಬಿಚ್ಚಿಟ್ಟ ಚುಂಗ್ವಾಕ್ಕೆ ದಂಡ ಮಾಫಿಯಾಯಿತು. ಹಿರಿಯ ಅಧಿಕಾರಿಗಳ ಸಭೆಗೆ ಅವರವರಲ್ಲೇ ‘ಹಸಿರು ಸಭೆ’ ಎಂದು ಹೆಸರಿತ್ತಂತೆ. ಸಭೆ ಮುಗಿದ ಮೇಲೆ ಹುಲ್ಲಿನ ಮೇಲೆ ಗಾಲ್ಫ್ ಆಡುವ ರೂಢಿಯಿತ್ತಾದುದರಿಂದ. ಪರದೆಯೊಂದರ ಬೆಲೆಯಲ್ಲಿ ಕೊಳವೆಯ ಪಾಲು ನೂರಕ್ಕೆ ಐವತ್ತರಿಂದ ಎಪ್ಪತ್ತು ಎಂದೂ ಕಮಿಷನ್ ತಿಳಿಸಿತು. ಇದಕ್ಕೆ ಹಿಂದೆಯೇ, ೨೦೧೧ರಲ್ಲಿ, ಅಮೆರಿಕದಲ್ಲಿ ಸ್ಯಾಮ್ಸಂಗ್ ಎಸ್.ಡಿ.ಐ. ಗಣಕದ ಕೊಳವೆಗಳ ಬೆಲೆಯ ವಿಷಯದಲ್ಲಿ ತಪ್ಪೊಪ್ಪಿಕೊಂಡು ೩.೨ ಕೋಟಿ ಡಾಲರು ದಂಡ ತೆರಲು ಒಪ್ಪಿತ್ತು.

ಅವು ಯೂರೋಪು ಮತ್ತು ಅಮೆರಿಕದ ವ್ಯವಹಾರಗಳು, ಎಸ್.ಪಿ. ರಸ್ತೆಯಲ್ಲಿ ಮಾರಾಟವಾದ ಪೆಟ್ಟಿಗೆಯ ಬೆಲೆಗೆ ಅದರಿಂದ ಎಷ್ಟು ಕೂಡಿತೆಂದು ಹೇಳಲು ನಾನು ಅರ್ಥಶಾಸ್ತ್ರಜ್ಞನಲ್ಲ. ಆದರೂ ಮೂರು ಪೆಟ್ಟಿಗೆಗಳನ್ನು ಸಾಲಾಗಿ ಉರಿಸಿಟ್ಟು, ಕಣ್ಣು ಕಿರಿದು ಮಾಡಿ, “ಇದರಲ್ಲಿ ಬಿಳುಪು ಚೆನ್ನಾಗಿದೆ, ಅದರಲ್ಲಿ ಅಕ್ಷರ ಚೆನ್ನಾಗಿದೆ” ಎಂದು ಹೋಲಿಸುತ್ತ ನಿಂತಿದ್ದ ಗಿರಾಕಿಯ ಚಿತ್ರ ಕಣ್ಣ ಮುಂದೆ ಬರುತ್ತದೆ. ಅವನು ತೂಗುತ್ತಿದ್ದುದು ಗಾಜನ್ನು. ಗಾಜಿನ ಬೆಲೆಯನ್ನು ತೂಗಲು ಅವನ ಕೈಯಲ್ಲಿ ಏನೂ ಇರಲಿಲ್ಲ.

ಆ ಕೂಟಕ್ಕೆ ಹೆದರಿಕೆಯಿದ್ದುದು ಗಿರಾಕಿಯದಲ್ಲ, ಚಪ್ಪಟೆ ಹಲಗೆಯದು. ಎರಡು ಸಾವಿರದ ಮೂರು-ನಾಲ್ಕರ ಸುಮಾರಿಗೆ ಎಲ್.ಸಿ.ಡಿ. ಪರದೆಗಳು ಗಣಕದ ಮಾರುಕಟ್ಟೆಯಲ್ಲಿ ಕೊಳವೆಯನ್ನು ಹಿಂದೆ ಹಾಕಿದುವು. ಸೋನಿಯವರು ೨೦೦೪ರಲ್ಲಿ ಜಪಾನಿನಲ್ಲಿ, ೨೦೦೮ರಲ್ಲಿ ಉಳಿದೆಡೆ ಟ್ರಿನಿಟ್ರಾನಿಗೆ ಮಂಗಳ ಹಾಡಿದರು. ಅಷ್ಟರಲ್ಲಿ ಕನ್ನಡಕ್ಕೂ ಒಳ್ಳೆಯ ದಿನ ಬಂದಿದ್ದುವು: ೧೯೯೮ರಲ್ಲಿ ಬರಹ ತಂತ್ರಾಂಶ ಹೊರಬಂದಿತ್ತು, ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರಮಾದರಿ ಸೇರಿಕೊಂಡಿತ್ತು. ಅಕ್ಷರ ಸಿದ್ಧವಾಗಿದ್ದ ಕಾಲದಲ್ಲಿ ಬಹುಪಾಲು ಓದುಗರ ಮುಂದೆ ಇನ್ನೂ ಹಳೆಯ ಗಾಜೇ ಇತ್ತು.

ಗಾಜಿಗೆ ಸಾವೂ ಸುಲಭವಲ್ಲ. ಒಳಗಿನಿಂದ ಹೊಮ್ಮುವ ಎಕ್ಸ್-ಕಿರಣವನ್ನು ತಡೆಯಲೆಂದು ಕೊಳವೆಯ ಹಿಂಭಾಗದ ಗಾಜಿನಲ್ಲಿ ಐದನೆಯ ಒಂದು ಪಾಲಿಗೂ ಮಿಗಿಲಾಗಿ ಸೀಸದ ಆಕ್ಸೈಡು ಬೆರೆಸಿರುತ್ತಾರೆ. ಹೊಸ ಕೊಳವೆ ಮಾಡುವವರಿದ್ದಷ್ಟು ದಿನ ಹಳೆಯ ಗಾಜನ್ನು ಕರಗಿಸಿ ಹೊಸದಕ್ಕೆ ಹಾಕುತ್ತಿದ್ದರು. ಮಾಡುವವರೇ ಇಲ್ಲವಾದ ಮೇಲೆ ಕೇಳುವವರಿಲ್ಲ. ಭಾರತದಲ್ಲಿ ಇಂಥ ತ್ಯಾಜ್ಯಕ್ಕೆಂದೇ ಮಾಡಿದ ನಿಯಮಗಳು ಜಾರಿಗೆ ಬಂದುದು ೨೦೧೨ರ ಮೇ ಒಂದರಿಂದ. ಬೆಂಗಳೂರಿನ ಆಚೆಗೆ ದಾಬಸ್‌ಪೇಟೆಯಲ್ಲಿ ಅದಕ್ಕೆ ಮೊದಲೇ ಸರಕಾರದ ಅನುಮತಿ ಪಡೆದ ಸಂಸ್ಥೆಯೊಂದು ಕೆಲಸ ಆರಂಭಿಸಿತ್ತು. ಅಲ್ಲಿಗೆ ಹೋಗಿ ಸೇರಿದ ಗಾಜೆಷ್ಟೋ, ಗುಜರಿಯವನ ಸುತ್ತಿಗೆಗೆ ಸಿಕ್ಕಿ ಮೋರಿ ಸೇರಿದ್ದೆಷ್ಟೋ. ತಾಮ್ರದ ಸುರುಳಿಗೆ ಬೆಲೆಯಿತ್ತು, ಗಾಜಿಗೆ ಇರಲಿಲ್ಲ.

ಆ ಬೆರಳಚ್ಚಿನ ಅಂಗಡಿ ಇದ್ದ ಕಡೆ ಈಗ ಮೊಬೈಲ್ ದುರಸ್ತಿಯವರಿದ್ದಾರೆ. ನನ್ನ ಕಿರುಪ್ರಬಂಧದ ಐದು ಪ್ರತಿಗಳಲ್ಲಿ, ಗುರುಗಳ ಅಪ್ಪಣೆಯಂತೆ, ತಲೆಬರಹದ ‘ಧ’ದ ಹೊಟ್ಟೆಯೊಳಗೆ ಕಪ್ಪು ಶಾಯಿಯಿಂದ ನಾನೇ ಒಂದೊಂದು ಚುಕ್ಕೆ ಇಟ್ಟೆ. ಒಳಪುಟಗಳಲ್ಲಿ ಅದೇ ಪದ ಇನ್ನೂ ಹದಿನೇಳು ಕಡೆ ಬರುತ್ತದೆ. ಅವುಗಳಲ್ಲಿ ಎಷ್ಟನ್ನು ಹುಡುಗ ಸರಿಯಾಗಿ ಹೊಡೆದಿದ್ದ, ಎಷ್ಟು ತಪ್ಪಿದ್ದ ಎಂದು ನೋಡುವ ಧೈರ್ಯ ಆಗ ಬರಲಿಲ್ಲ. ಹೋದ ವರ್ಷ ಗ್ರಂಥಾಲಯದಲ್ಲಿ ಆ ಪ್ರತಿಯನ್ನು ತೆಗೆಸಿ ನೋಡಿದೆ. ಹದಿಮೂರು ಕಡೆ ಅರ್ಥವಿತ್ತು, ನಾಲ್ಕು ಕಡೆ ಅರ್ಧ. ಜೇಬಿನಲ್ಲಿ ಪೆನ್ನಿತ್ತು, ಗ್ರಂಥಪಾಲಕರು ನೋಡುತ್ತಿದ್ದರು.